ಅಮ್ಮನ ಮೂರು ಬಾಡಿಗೆ ಮನೆಗಳು: ನಾಲ್ಕು ತಿಂಗಳಿಂದ ಒಂದು ಮನೆಯ ಬಾಡಿಗೆ ಬಂದಿಲ್ಲ, ದಾರಿ ಹೇಳಿ

ಕತ್ರಿಗುಪ್ಪೆ_ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪ 30×40 ನಿವೇಶನದಲ್ಲಿ ಸಾಲ ತೀರಿದಂತೆಲ್ಲ ಒಂದೊಂದೇ ಮಹಡಿ ಏರಿಸಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ಅಮ್ಮ ಇದ್ದಾರೆ. ಮೊದಲ ಮಹಡಿಯಲ್ಲಿ ಎರಡು, ಅದರ ಮೇಲೆ ಒಂದು, ಒಟ್ಟು ಮೂರು ಚಿಕ್ಕ ಮನೆಗಳು ಬಾಡಿಗೆಗಿವೆ. ಅಪ್ಪ ಖಾಸಗಿ ಕಾರ್ಖಾನೆಯಲ್ಲಿದ್ದವರು, ಪಿಂಚಣಿ ಇಲ್ಲ. ಅಮ್ಮನ ಔಷಧಿ, ದಿನಸಿ, ಮನೆ ತೆರಿಗೆ ಎಲ್ಲವೂ ಈ ಬಾಡಿಗೆಯಿಂದಲೇ ನಡೆಯಬೇಕು.

ಮೇಲಿನ ಮನೆಯವರ ಬಾಡಿಗೆ 11,000, ಮುಂಗಡ 60,000. ಯಜಮಾನರ ಕೆಲಸ ಹೋಗಿದೆ. ನಾಲ್ಕು ತಿಂಗಳಿಂದ ಬಾಡಿಗೆಯಿಲ್ಲ, ನೀರಿನ ಪಾಲು ಸೇರಿ ಬಾಕಿ 46,000 ದಾಟಿದೆ. ಇನ್ನೊಂದು ತಿಂಗಳು ಕಳೆದರೆ ಮುಂಗಡದಲ್ಲಿ ಉಳಿಯುವುದು ಎರಡು ಮೂರು ಸಾವಿರ. ಕೇಳಿದಾಗಲೆಲ್ಲ "ಮುಂಗಡದಲ್ಲಿ ಮುರಿದುಕೊಳ್ಳಿ ಆಂಟಿ" ಎನ್ನುತ್ತಾರೆ. ಕರಾರು ಪತ್ರ 11 ತಿಂಗಳದ್ದು. ಅದು ಮುಗಿದು ಒಂದೂವರೆ ವರ್ಷವಾಯಿತು, ನಾವು ನವೀಕರಿಸಲಿಲ್ಲ. ಅದು ನಮ್ಮದೇ ತಪ್ಪು.

ನನ್ನ ತಮ್ಮ "ನೀರು ನಿಲ್ಲಿಸಿದರೆ ಎರಡೇ ದಿನದಲ್ಲಿ ಗಂಟುಮೂಟೆ ಕಟ್ಟುತ್ತಾರೆ" ಎನ್ನುತ್ತಾನೆ. ಅಮ್ಮನಿಗೆ ಅದು ಸುತರಾಂ ಇಷ್ಟವಿಲ್ಲ. ಆ ಮನೆಯ ಹುಡುಗಿ ಸಂಜೆ ಅಮ್ಮನ ಹತ್ತಿರ ಬಂದು ಮಗ್ಗಿ ಒಪ್ಪಿಸಿ ಹೋಗುತ್ತಾಳೆ. ನಾನು ಏನು ಮಾಡಲಿ? ಮನೆಯನ್ನೇ ಮಾರಿಬಿಡೋಣ ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ಯಶವಂತಪುರ_ಹಳಬ:
ತಮ್ಮ ಹೇಳಿದ್ದು ಸರಿ. ಮೆತ್ತಗಿದ್ದರೆ ತಲೆಯ ಮೇಲೆ ಕೂರುತ್ತಾರೆ. 12 ವರ್ಷ ಹೀಗೇ ಬಿಟ್ಟರೆ ಮನೆ ಅವರದ್ದೇ ಆಗುತ್ತದೆ, ಎಚ್ಚರ.

ಕಪ್ಪುಕೋಟು:
ಎರಡೂ ತಪ್ಪು. ಇಪ್ಪತ್ತು ವರ್ಷಗಳಿಂದ ಇಂಥ ವ್ಯಾಜ್ಯಗಳನ್ನೇ ನಡೆಸುತ್ತಿದ್ದೇನೆ, ದಯವಿಟ್ಟು ಇದನ್ನು ಹರಡಬೇಡಿ.

12 ವರ್ಷದ ಮಾತು ಪ್ರತಿಕೂಲ ಸ್ವಾಧೀನಕ್ಕೆ ಸಂಬಂಧಿಸಿದ್ದು. ಮಾಲೀಕನ ಹಕ್ಕನ್ನು ಬಹಿರಂಗವಾಗಿ ಧಿಕ್ಕರಿಸಿ ಅಷ್ಟು ಕಾಲ ಸ್ವಾಧೀನದಲ್ಲಿದ್ದವನ ಪ್ರಶ್ನೆ ಅದು. ಬಾಡಿಗೆದಾರ ಮಾಲೀಕನ ಅನುಮತಿಯಿಂದ ಒಳಗೆ ಬಂದವನು. ಹನ್ನೆರಡಲ್ಲ, ಮೂವತ್ತು ವರ್ಷವಿದ್ದರೂ ಆ ಕಾರಣಕ್ಕೇ ಅವನು ಮಾಲೀಕನಾಗುವುದಿಲ್ಲ. ತನ್ನನ್ನು ಒಳಗೆ ಬಿಟ್ಟವರ ಹಕ್ಕನ್ನು ಬಾಡಿಗೆದಾರ ಅಲ್ಲಗಳೆಯುವಂತಿಲ್ಲ ಎಂಬ ನಿಯಮ ಸಾಕ್ಷ್ಯ ಕಾಯ್ದೆಯಲ್ಲೇ ಇದೆ.

ಇನ್ನು ನೀರು ನಿಲ್ಲಿಸುವುದು, ಬೀಗ ಹಾಕುವುದು, ಸಾಮಾನು ಹೊರಗಿಡುವುದು: ಇವು ಸರಿ ಇರುವ ನಿಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡುತ್ತವೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಬಾಕಿ ಕೇಳಲು ಹೋದವರು ಪ್ರತಿವಾದಿಯಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ.

ಯಶವಂತಪುರ_ಹಳಬ:
ಹಾಗಾದರೆ ಬಾಡಿಗೆ ಕಾಯ್ದೆ ಇರುವುದು ಬಾಡಿಗೆದಾರನ ಪರವಾಗಿಯೇ ಎಂದಾಯಿತು. ಮಾಲೀಕ ಎಲ್ಲಿಗೆ ಹೋಗಬೇಕು?

ಕಪ್ಪುಕೋಟು:
ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇಂದು ಆ ಮೊತ್ತಕ್ಕೆ ಒಂದು ಕೋಣೆಯಾದರೂ ಎಲ್ಲಿ ಸಿಗುತ್ತದೆ? ಹಾಗಾಗಿ ಈ ಸಹೋದರಿಯ ಪ್ರಕರಣಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಬೇರೆ ಷರತ್ತು ಇಲ್ಲದಿದ್ದರೆ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. ಅವರು ಆಗಲೂ ಬಿಡದಿದ್ದರೆ ನ್ಯಾಯಾಲಯ.

ಒಂದು ಸೂಕ್ಷ್ಮ ವಿಷಯ: ನೋಟಿಸಿನ ಅವಧಿ ಮುಗಿದ ನಂತರದ ತಿಂಗಳುಗಳ ಬಾಡಿಗೆಯನ್ನು ಏನೂ ಬರೆದುಕೊಳ್ಳದೆ ಪಡೆದರೆ "ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ" ಎಂದು ವಾದಿಸುತ್ತಾರೆ. ಹಣ ಬಂದರೆ ಹಳೆಯ ಬಾಕಿಗೆ ಜಮಾ ಎಂದು ಬರೆದು ರಸೀದಿ ಕೊಡಿ.

ಮಲ್ಲೇಶ್ವರದ_ಮೇಷ್ಟ್ರು:
ಹೇಳುವುದಕ್ಕೆ ಚೆನ್ನಾಗಿದೆ. ನ್ಯಾಯಾಲಯಕ್ಕೆ ಹೋದರೆ ಎಷ್ಟು ವರ್ಷ ಎಂಬುದನ್ನೂ ಹೇಳಿ.

ಕಪ್ಪುಕೋಟು:
ಒಪ್ಪುತ್ತೇನೆ. ಅದಕ್ಕಾಗಿಯೇ ನೋಟಿಸ್ ಕೊಟ್ಟ ಮೇಲೆ ಕೂತು ಮಾತನಾಡಿ ಎನ್ನುವುದು. ನನ್ನ ಅನುಭವದಲ್ಲಿ ಹೆಚ್ಚಿನವರು ನೋಟಿಸ್ ಕೈಗೆ ಬಂದ ಮೇಲೆ ಮಾತಿಗೆ ಬರುತ್ತಾರೆ.

ಬಾಡಿಗೆಮನೆ_ಏಳನೆಯದು:
ನಾನು ಇನ್ನೊಂದು ಬದಿಯವನು. ಬೆಂಗಳೂರಿಗೆ ಬಂದು ಒಂಬತ್ತು ವರ್ಷ, ಇದು ಏಳನೆಯ ಮನೆ. ಬಾಡಿಗೆಯನ್ನು ಒಂದು ದಿನವೂ ತಡ ಮಾಡಿದವನಲ್ಲ. ಆದರೂ ಮುಂಗಡ ಪೂರ್ತಿ ವಾಪಸ್ ಬಂದದ್ದು ಎರಡೇ ಬಾರಿ. ಹದಿನಾಲ್ಕು ತಿಂಗಳಿದ್ದ ಮನೆಗೆ ಬಣ್ಣಕ್ಕೆಂದು ಎರಡು ತಿಂಗಳ ಬಾಡಿಗೆ ಹಿಡಿದರು. ವಾರದ ನಂತರ ಉಳಿದ ಪತ್ರಗಳನ್ನು ತರಲು ಹೋದಾಗ ಹೊಸಬರು ಅದೇ ಹಳೆಯ ಗೋಡೆಗಳ ನಡುವೆ ಸಂಸಾರ ಹೂಡಿದ್ದರು. ಒಂದು ಗೆರೆ ಬಣ್ಣ ಬಿದ್ದಿರಲಿಲ್ಲ. ಆ ಹಣ ನನ್ನ ಮಗಳ ಶಾಲೆಯ ಮೊದಲ ಕಂತಾಗಿತ್ತು.

"ಮುಂಗಡದಲ್ಲಿ ಮುರಿದುಕೊಳ್ಳಿ" ಎಂದು ಬಾಡಿಗೆದಾರರು ಏಕೆ ಹೇಳುತ್ತಾರೆ ಎಂದು ಮಾಲೀಕರು ಯೋಚಿಸಬೇಕು. ಬಿಡುವಾಗ ಕೈಗೆ ಬರುತ್ತದೆ ಎಂಬ ನಂಬಿಕೆ ಹೋಗಿದೆ. ಹಾಗಾಗಿ ಕೊನೆಯ ತಿಂಗಳುಗಳಲ್ಲಿ ಅದನ್ನು ಕೂತುಕೊಂಡೇ ತೀರಿಸುತ್ತಾರೆ.

ಕತ್ರಿಗುಪ್ಪೆ_ಮಗಳು:
ಇದನ್ನು ಓದಿ ಬೇಸರವಾಯಿತು. ನಾವೂ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ, ಕರಾರಿನಲ್ಲೇ ಬರೆದಿರುತ್ತದೆ. ಆದರೆ ಬಣ್ಣ ಹೊಡೆಸುತ್ತೇವೆ.

ಜಯನಗರ_ನಾಲ್ಕನೇ_ಹಂತ:
ಅಡ್ವಾನ್ಸ್ ಹತ್ತು ತಿಂಗಳದ್ದು ಇದ್ದಾಗ ಈ ತೊಂದರೆ ಇರಲಿಲ್ಲ. ಈಗ ಎಲ್ಲರೂ ಎರಡು ಮೂರು ತಿಂಗಳದ್ದು ಸಾಕು ಎನ್ನುತ್ತಾರೆ.

ಬಾಡಿಗೆಮನೆ_ಏಳನೆಯದು:
ಹತ್ತು ತಿಂಗಳ ಬಾಡಿಗೆಯನ್ನು ಬಡ್ಡಿಯಿಲ್ಲದೆ ನಿಮ್ಮ ಬಳಿ ಇಡಬೇಕೇ? 20,000 ಬಾಡಿಗೆಯ ಮನೆಗೆ ಎರಡು ಲಕ್ಷ! ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಗೆ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ.

ಕಪ್ಪುಕೋಟು:
ಅದು ಮಾದರಿ ಮಾತ್ರ. ಆಯಾ ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅದು ಅಲ್ಲಿ ಜಾರಿಗೆ ಬರುವುದು.

ಜಯನಗರ_ನಾಲ್ಕನೇ_ಹಂತ:
ಎರಡು ತಿಂಗಳ ಠೇವಣಿಯಾಗಿದ್ದರೆ ಈ ತಾಯಿಯ ಗತಿ ಏನಾಗುತ್ತಿತ್ತು, ಲೆಕ್ಕ ಹಾಕಿ. 22,000 ಇಟ್ಟುಕೊಂಡು 46,000 ಬಾಕಿ. ನೂರು ಫ್ಲ್ಯಾಟ್ ಇರುವ ದೊಡ್ಡ ಮಾಲೀಕನಿಗೆ ಒಂದು ಮನೆ ಬಾಡಿಗೆ ಕೊಡದಿದ್ದರೆ ಗೊತ್ತೂ ಆಗುವುದಿಲ್ಲ. ಮೂರು ಮನೆ ಇರುವವರಿಗೆ ಒಂದು ನಿಂತರೆ ಆದಾಯದ ಮೂರನೇ ಒಂದು ಭಾಗ ನಿಂತಂತೆ. ಇಬ್ಬರಿಗೂ ಒಂದೇ ನಿಯಮವೆಂದರೆ ಹೇಗೆ?

ಕಡಲತಡಿಯ_ಗಾಳಿ:
ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಿಮ್ಮ ಜಗಳವೆಲ್ಲ ಹಣದ್ದು, ನಮ್ಮದು ಮಳೆಯದ್ದು. ಕಾಂಕ್ರೀಟ್ ತಾರಸಿಯ ಮೇಲೆ ಮತ್ತೊಂದು ತಗಡಿನ ಚಾವಣಿ ಹಾಕಿಸಿದ್ದರೂ ಜೂನ್ ಬಂತೆಂದರೆ ಎದೆ ಡವಡವ. ಕಳೆದ ಮಳೆಗಾಲದಲ್ಲಿ ಬಾಡಿಗೆದಾರರ ಮಂಚದ ಮೇಲೆಯೇ ಸೋರಿತು. ಸೋರಿಕೆಯ ಮೂಲ ಹುಡುಕಲು ಮೂವರು ಮೇಸ್ತ್ರಿಗಳು ಬಂದು ಮೂರು ಕಾರಣ ಹೇಳಿದರು. ಕೊನೆಗೆ ನೋಡಿದರೆ ಟಿವಿ ತಟ್ಟೆ ಕೂರಿಸಲು ಯಾರೋ ಕೊರೆದ ಮೊಳೆಯ ತೂತು. ಎರಡು ತಿಂಗಳ ಬಾಡಿಗೆ ಅದಕ್ಕೇ ಹೋಯಿತು.

ಹುಬ್ಬಳ್ಳಿ_ವಿದ್ಯಾನಗರ:
ಮೇಲಿನವರ ಮಾತಿಗೆ ಸೇರಿಸುತ್ತೇನೆ: ಕೀಲಿ ಕೊಡುವ ದಿನವೇ ಇಬ್ಬರೂ ಸೇರಿ ಪ್ರತಿ ಕೋಣೆಯ ವಿಡಿಯೊ ಮಾಡಿಕೊಳ್ಳಿ. ನಲ್ಲಿ ತಿರುಗಿಸಿ, ಕಿಟಕಿ ಮುಚ್ಚಿ ತೆರೆದು, ಮೀಟರಿನ ಅಂಕಿ ಓದಿ ಹೇಳಿ. ಹತ್ತು ನಿಮಿಷದ ಕೆಲಸ. ಬಿಡುವ ದಿನ ಅದೇ ವಿಡಿಯೊ ಹಾಕಿಕೊಂಡು ಮನೆ ಸುತ್ತುತ್ತೇವೆ. ನಾಲ್ಕು ವರ್ಷಗಳಲ್ಲಿ ಮುಂಗಡದ ಬಗ್ಗೆ ಒಂದು ಜಗಳವೂ ಆಗಿಲ್ಲ.

ಬನಶಂಕರಿ_ಬಾಲು:
ವಿಷಯ ಸ್ವಲ್ಪ ಬೇರೆ. ನನ್ನ ಹಳೆಯ ಬಾಡಿಗೆದಾರರು ಮನೆ ಬಿಟ್ಟರು. ಹೊಸಬರಿಗೆ ಗೃಹಜ್ಯೋತಿ ನೋಂದಣಿ ಆಗುತ್ತಿಲ್ಲ, ಅದೇ ಮೀಟರು ಇನ್ನೂ ಹಳಬರ ಆಧಾರ್‌ಗೆ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಏನು ಮಾಡಬೇಕು?

ಹುಬ್ಬಳ್ಳಿ_ವಿದ್ಯಾನಗರ:
ಹಳಬರೇ ಸೇವಾಸಿಂಧುವಿನಲ್ಲಿ ಜೋಡಣೆ ತೆಗೆಸಬೇಕು, ಅವರ ಮೊಬೈಲಿಗೆ ಒಟಿಪಿ ಬರುತ್ತದೆ. ನಾನಂತೂ ಮುಂಗಡ ಹಿಂತಿರುಗಿಸುವ ದಿನ ಎದುರಿಗೇ ಕೂತು ಮಾಡಿಸಿಕೊಳ್ಳುತ್ತೇನೆ. ಹೊರಟು ಹೋದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಬನಶಂಕರಿ_ಬಾಲು:
ಅಯ್ಯೋ, ಅವರು ಈಗ ಕಲಬುರಗಿಯಲ್ಲಿದ್ದಾರೆ. ಫೋನ್ ಮಾಡಿ ನೋಡುತ್ತೇನೆ.

ಡಾಲಸ್_ದಾವಣಗೆರೆ:
ಅನಿವಾಸಿ ಮಾಲೀಕರ ಕಷ್ಟವನ್ನೂ ಕೇಳಿ. ಮಾಲೀಕ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಾಡಿಗೆದಾರ 30 ಪ್ರತಿಶತ ಮತ್ತು ಅದರ ಮೇಲಿನ ಸೆಸ್ ಸೇರಿಸಿ ಮೂಲದಲ್ಲೇ ತೆರಿಗೆ ಹಿಡಿದು ಕಟ್ಟಬೇಕು. ಅದಕ್ಕೆ ಅವರು ಬೇರೆ ಸಂಖ್ಯೆ ಮಾಡಿಸಿಕೊಳ್ಳಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಈ ರಗಳೆ ಕೇಳಿ ಮೂರು ಒಳ್ಳೆಯ ಕುಟುಂಬಗಳು ಹಿಂದೆ ಸರಿದವು. ಹಿಡಿದದ್ದು ವರ್ಷದ ಕೊನೆಗೆ ವಿವರ ಸಲ್ಲಿಸಿದರೆ ಬಹುಪಾಲು ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಅಪ್ಪ ಅಮ್ಮನ ಖರ್ಚಿಗೆ ಇಲ್ಲಿಂದಲೇ ಕಳುಹಿಸುತ್ತೇನೆ. ದಾವಣಗೆರೆಯಲ್ಲಿ ಮನೆ ಇರಲಿ ಎಂಬ ಆಸೆಯೊಂದೇ ಮಾರದಂತೆ ತಡೆದಿದೆ.

ಮಲ್ಲೇಶ್ವರದ_ಮೇಷ್ಟ್ರು:
ಮೂಲ ಪ್ರಶ್ನೆಗೆ ಬರುತ್ತೇನೆ. ಮಾರಿಬಿಡಿ, ತಾಯಿ. ನಾನು ಕಳೆದ ವರ್ಷ ಮಾರಿದೆ, ಈಗ ರಾತ್ರಿ ನಿದ್ದೆ ಬರುತ್ತದೆ. ಕೋಟಿ ಬೆಲೆಯ ಮನೆಯಿಂದ ನಿಮಗೆ ಬರುವುದು ಮೂರು ಮನೆ ತುಂಬಿದ್ದರೆ ತಿಂಗಳಿಗೆ 33,000, ವರ್ಷಕ್ಕೆ ನಾಲ್ಕು ಲಕ್ಷವೂ ಪೂರ್ತಿ ಇಲ್ಲ. ಅದರಲ್ಲಿ ತೆರಿಗೆ, ಪಂಪು, ತೊಟ್ಟಿ ತೊಳೆಸುವುದು, ಖಾಲಿ ಬಿದ್ದ ತಿಂಗಳು. ಅದೇ ಹಣಕ್ಕೆ ಬ್ಯಾಂಕ್ ಆರು ಪ್ರತಿಶತ ಕೊಟ್ಟರೂ ವರ್ಷಕ್ಕೆ ಆರು ಲಕ್ಷ.

ಲೆಕ್ಕದ_ಪುಸ್ತಕ:
ಮೇಷ್ಟ್ರೇ, ಲೆಕ್ಕದಲ್ಲಿ ನಾಲ್ಕು ಬಿಟ್ಟಿದ್ದೀರಿ. ಒಂದು, ಮಾರಿದರೆ ಬರುವ ಲಾಭಕ್ಕೆ ತೆರಿಗೆ. ಎರಡು, ಆದಾಯ ತೆರಿಗೆಯ ಲೆಕ್ಕದಲ್ಲಿ ಬಡ್ಡಿ ಇಡಿಯಾಗಿ ಆದಾಯ. ಬಾಡಿಗೆಯಾದರೆ, ನೀವು ಕಟ್ಟಿದ ಮನೆ ತೆರಿಗೆಯನ್ನು ಕಳೆದು ಉಳಿದದ್ದರಲ್ಲಿ 30 ಪ್ರತಿಶತ ರಿಪೇರಿಗೆಂದು ಬಿಟ್ಟುಬಿಡುತ್ತಾರೆ, ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ. ಮೂರು, ಬಾಡಿಗೆ ಏರುತ್ತದೆ, ಇಟ್ಟ ಠೇವಣಿ ಹಾಗೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಆ ಅಮ್ಮ ಕೆಳಗಿನ ಮನೆಯಲ್ಲೇ ವಾಸವಿದ್ದಾರೆ. ಮಾರಿದ ಮರುದಿನ ಅವರೇ ಬಾಡಿಗೆ ಮನೆ ಹುಡುಕಬೇಕು, ಎಪ್ಪತ್ತರ ಹತ್ತಿರದ ಒಬ್ಬಂಟಿ ಹೆಂಗಸಿಗೆ ಮನೆ ಕೊಡುವವರನ್ನು ಹುಡುಕಿ ನೋಡಿ.

ಅಂದ ಹಾಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಭಾಗದ ಆಸ್ತಿ ತೆರಿಗೆ ಸ್ವಂತ ವಾಸದ ದರದ ದುಪ್ಪಟ್ಟು. ಎಲ್ಲವನ್ನೂ ಸ್ವಂತ ವಾಸವೆಂದು ತೋರಿಸಿ ಸಿಕ್ಕಿಹಾಕಿಕೊಂಡವರು ವ್ಯತ್ಯಾಸಕ್ಕೆ ದಂಡ, ಬಡ್ಡಿ ಸೇರಿಸಿ ಕಟ್ಟುತ್ತಿದ್ದಾರೆ. ನಿಮ್ಮ ಮನೆಯ ಹಳೆಯ ರಸೀದಿಗಳನ್ನು ಒಮ್ಮೆ ತೆಗೆದು ನೋಡಿ.

ಮಲ್ಲೇಶ್ವರದ_ಮೇಷ್ಟ್ರು:
ಅಮ್ಮ ಅಲ್ಲೇ ವಾಸವಿದ್ದಾರೆ ಎಂಬುದನ್ನು ನಾನು ಗಮನಿಸಲಿಲ್ಲ. ಆ ಮಾತು ಹಿಂತೆಗೆದುಕೊಳ್ಳುತ್ತೇನೆ.

ನಂಜನಗೂಡು_ರಸಬಾಳೆ:
ಯಾರೋ ಅಡ್ವಾನ್ಸ್ ಎಂದರಲ್ಲ, ನಮ್ಮ ಅಣ್ಣ ಭೋಗ್ಯಕ್ಕೆ ಹೋಗಿ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಎಂಟು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿದ. ತಿಂಗಳ ಬಾಡಿಗೆ ಇಲ್ಲವಲ್ಲ ಎಂಬ ಖುಷಿ. ಒಂದು ಬೆಳಿಗ್ಗೆ ಹಾಲು ತರಲು ಹೊರಟರೆ ಗೇಟಿನ ಮೇಲೆ ಬ್ಯಾಂಕಿನ ನೋಟಿಸ್. ಮಾಲೀಕ ಮನೆ ಅಡವಿಟ್ಟು ಸಾಲ ಕಟ್ಟಿರಲಿಲ್ಲ. ಭೋಗ್ಯ ಪತ್ರ ನೋಂದಣಿಯಾಗಿರಲಿಲ್ಲ, ಬರೀ ಛಾಪಾ ಕಾಗದ. ಮನೆ ಹರಾಜಾಯಿತು, ಅಣ್ಣ ಇಂದಿಗೂ ಮಾಲೀಕನ ಹಿಂದೆ ಅಲೆಯುತ್ತಿದ್ದಾನೆ. ಎಂಟರಲ್ಲಿ ಒಂದೂವರೆ ಲಕ್ಷ ಬಂದಿದೆ.

ಕಪ್ಪುಕೋಟು:
ಭೋಗ್ಯಕ್ಕೆ ಹೋಗುವವರು ಮೊದಲು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಬೇಕು, ಈಗ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಾಧ್ಯ. ಜೊತೆಗೆ ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸಿ ಎನ್ನಬೇಕು. ಬ್ಯಾಂಕಿನಲ್ಲಿ ಅಡವಿದ್ದರೆ ಮೂಲಪತ್ರ ಮಾಲೀಕರ ಬಳಿ ಇರುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಯಾವುದೇ ಕರಾರನ್ನೂ ನೋಂದಾಯಿಸಲೇಬೇಕು. 11 ತಿಂಗಳ ಪತ್ರ ಬಂದದ್ದೇ ಆ ನೋಂದಣಿ ತಪ್ಪಿಸಲು.

ಟ್ಯಾಂಕರ್_ದಿನಗಳು:
2024ರ ಬೇಸಿಗೆ ಯಾರಿಗೆ ನೆನಪಿದೆ? ನಮ್ಮ ಕೊಳವೆಬಾವಿ ಫೆಬ್ರವರಿಯಲ್ಲೇ ಕೈಕೊಟ್ಟಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಆ ದರಕ್ಕೆ ಬರುತ್ತೇನೆ ಎಂದ ಒಬ್ಬ ಚಾಲಕನೂ ನಮ್ಮ ಬೀದಿಗೆ ಸಿಗಲಿಲ್ಲ. ನಾಲ್ಕು ಮನೆಗೆ ವಾರಕ್ಕೆ ಎರಡು ಟ್ಯಾಂಕರ್. ಬಾಡಿಗೆಯಲ್ಲೇ ನೀರು ಸೇರಿದೆ ಎಂದು ಕರಾರಿನಲ್ಲಿ ಬರೆದಿದ್ದೆ, ಹಾಗಾಗಿ ಕೇಳುವ ಬಾಯಿಯೂ ಇರಲಿಲ್ಲ. ಆ ಮೂರು ತಿಂಗಳ ಬಾಡಿಗೆಯಲ್ಲಿ ಅರ್ಧ ಟ್ಯಾಂಕರಿಗೆ ಸುರಿದೆ. ಈಗ ಪ್ರತಿ ಮನೆಗೂ ಪ್ರತ್ಯೇಕ ನೀರಿನ ಮೀಟರು ಹಾಕಿಸಿದ್ದೇನೆ. ಬಳಕೆ ತಾನಾಗಿಯೇ ಇಳಿಯಿತು.

ಬೀದರ್_ಹುಡುಗ:
ಎಲ್ಲರೂ ಮನೆ ಕೊಟ್ಟ ಮೇಲಿನ ಮಾತಾಡುತ್ತಿದ್ದೀರಿ. ಮನೆ ಕೊಡುವ ಮೊದಲೇ "ನೀವು ಯಾವ ಜನ?" ಎಂದು ಕೇಳುತ್ತೀರಲ್ಲ, ಅದರ ಬಗ್ಗೆ? ಹನ್ನೊಂದು ಮನೆ ನೋಡಿದೆ. ಆರು ಕಡೆ ಗೇಟಿನ ಬಳಿಯೇ ಈ ಪ್ರಶ್ನೆ. ಹೆಸರು ಹೇಳಿದ ಮೇಲೆ ಇಬ್ಬರು "ನೆಂಟರು ಬರುತ್ತಾರಂತೆ" ಎಂದರು. ಬೋರ್ಡು ಮರುವಾರವೂ ಅಲ್ಲೇ ನೇತಾಡುತ್ತಿತ್ತು. ಸಂಬಳದ ಚೀಟಿಯನ್ನು ಯಾರೂ ಕೇಳಲಿಲ್ಲ.

ಜಯನಗರ_ನಾಲ್ಕನೇ_ಹಂತ:
ಒಂದೇ ಮೆಟ್ಟಿಲು, ಒಂದೇ ತೊಟ್ಟಿ ಇರುವ ಮನೆಯಲ್ಲಿ ಊಟದ ಅಭ್ಯಾಸ ಹೊಂದಬೇಕು ಎಂದು ಬಯಸುವುದು ತಪ್ಪೇ? ನಮ್ಮ ತಾಯಿಗೆ ಮೀನಿನ ವಾಸನೆ ಆಗುವುದಿಲ್ಲ.

ಬೀದರ್_ಹುಡುಗ:
ನಾನು ಮೀನು ತಿನ್ನುವುದಿಲ್ಲ ಸರ್. ಆದರೂ ಮನೆ ಸಿಗಲಿಲ್ಲ. ಕೇಳಿದ್ದು ಊಟವನ್ನಲ್ಲ, ಜಾತಿಯನ್ನು.

ವಠಾರದ_ಶಾರದೆ:
ಆ ಹುಡುಗನ ಮಾತು ನಿಜ. ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಒಂಬತ್ತು ಸಂಸಾರ, ಎರಡು ಬಚ್ಚಲು, ಅಂಗಳಕ್ಕೊಂದು ನಲ್ಲಿ. ಅಲ್ಲೂ ಇದೇ ಪ್ರಶ್ನೆ ಕೇಳಿಯೇ ಒಳಗೆ ಬಿಡುತ್ತಿದ್ದರು, ಅದನ್ನು ನಾನು ಹೊಗಳುವುದಿಲ್ಲ. ಈಗ ನನ್ನ ಎರಡು ಮನೆಗಳಿಗೆ ಕೇಳುವುದು ಮೂರೇ: ಎಲ್ಲಿ ಕೆಲಸ, ಹಿಂದಿನ ಮನೆ ಏಕೆ ಬಿಟ್ಟಿರಿ, ಅಲ್ಲಿನ ಮಾಲೀಕರ ಜೊತೆ ಮಾತನಾಡಬಹುದೇ. ಮೂರನೆಯದಕ್ಕೆ ತಡವರಿಸಿದವರಿಗೆ ಕೊಡುವುದಿಲ್ಲ. ಜಾತಿ ಕೇಳಿ ಮನೆ ಕೊಟ್ಟ ನನ್ನ ಓರಗಿತ್ತಿಗೆ ಅವಳದೇ ಜಾತಿಯವರು ಏಳು ತಿಂಗಳ ಬಾಡಿಗೆ ಉಳಿಸಿಕೊಂಡು ಹೋದರು.

ಬೀದರಿನ ಮಗನೇ, ನಿನಗೆ ಮನೆ ಸಿಕ್ಕಿತೇ?

ಬೀದರ್_ಹುಡುಗ:
ಸಿಕ್ಕಿತು ಅಮ್ಮ, ಕೆಂಗೇರಿಯಲ್ಲಿ. ಕಚೇರಿಗೆ ಒಂದೂವರೆ ಗಂಟೆ.

ಯಶವಂತಪುರ_ಹಳಬ:
ಚರ್ಚೆ ಎಲ್ಲಿಗೋ ಹೋಯಿತು. ಕತ್ರಿಗುಪ್ಪೆಯವರ ಬಾಕಿ ಏನಾಯಿತು? 12 ವರ್ಷದ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಸುಮ್ಮನೆ ಕೂರುವುದು ಮಾತ್ರ ಬೇಡ.

ಕತ್ರಿಗುಪ್ಪೆ_ಮಗಳು:
ಎಲ್ಲರಿಗೂ ಕೃತಜ್ಞತೆಗಳು. ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ.

ನೀರನ್ನು ನಿಲ್ಲಿಸಲಿಲ್ಲ. ವಕೀಲರೊಬ್ಬರಿಂದ ನೋಟಿಸ್ ಬರೆಸಿ ಅಂಚೆಯಲ್ಲಿ ಕಳುಹಿಸಿದೆವು. ಕಳುಹಿಸುವ ಹಿಂದಿನ ದಿನ ಅಮ್ಮನೇ ಮೇಲೆ ಹೋಗಿ "ನಾಳೆ ಕಾಗದ ಬರುತ್ತದೆ, ಹೆದರಬೇಡಿ, ಭಾನುವಾರ ಕೆಳಗೆ ಬನ್ನಿ" ಎಂದು ಹೇಳಿ ಬಂದರು. ಇದು ನನಗೆ ಗೊತ್ತಾದದ್ದೇ ಆಮೇಲೆ, ಕೋಪವೂ ಬಂತು.

ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಮಾತನಾಡಿದ್ದು ಹೆಚ್ಚಾಗಿ ಹೆಂಡತಿ. ಕೆಲಸ ಹೋದದ್ದನ್ನು ಅವರ ತವರಿಗೇ ಇನ್ನೂ ಹೇಳಿರಲಿಲ್ಲವಂತೆ. ನಾವು ಬಾಯಿ ಮಾತು ಬಿಟ್ಟು ಕಾಗದದಲ್ಲಿ ಬರೆದುಕೊಂಡೆವು: ತಿಂಗಳ ಕೊನೆಗೆ ಮನೆ ಖಾಲಿ, ಅಲ್ಲಿಯವರೆಗಿನ ಬಾಡಿಗೆ ಸೇರಿ ಬಾಕಿ 57,000, ಮುಂಗಡದಲ್ಲಿ ಅದನ್ನು ಕಳೆದು ಉಳಿದ 3,000 ಕೀಲಿ ಕೊಟ್ಟಾಗ ಅವರ ಕೈಗೆ. ಬಣ್ಣದ ಹಣ ಬೇಡವೆಂದು ಅಮ್ಮ ಹೇಳಿದರು. ತಮ್ಮನಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಪೂರ್ತಿ ಆಗಲಿಲ್ಲ. ಆದರೆ ಏಳನೆಯ ಮನೆಯವರು ಬರೆದದ್ದನ್ನು ಓದಿದ ಮೇಲೆ ನಾನು ವಾದಿಸಲಿಲ್ಲ. ನಾಲ್ವರೂ ಸಹಿ ಹಾಕಿದೆವು. ಅವರು ತುಮಕೂರಿಗೆ, ಅಣ್ಣನ ಮನೆಗೆ ಹೋಗುತ್ತಾರೆ. ಹುಡುಗಿಯ ವರ್ಗಾವಣೆ ಪತ್ರ ಶಾಲೆಯಿಂದ ಸಿಗಬೇಕು, ಅದಕ್ಕೆ ನಾನೇ ಜೊತೆಗೆ ಹೋಗುತ್ತಿದ್ದೇನೆ.

ಉಳಿದ ಎರಡು ಮನೆಗಳಿಗೂ ಕರಾರು ಹೊಸದಾಗಿ ಮಾಡಿಸಿದೆ. ಬಣ್ಣಕ್ಕೆ ಆದ ಖರ್ಚಿನ ಚೀಟಿ ತೋರಿಸಿಯೇ ಹಿಡಿಯುತ್ತೇವೆ ಎಂದು ಬರೆಸಿದ್ದೇನೆ. ತೆರಿಗೆಯ ರಸೀದಿ ತೆಗೆದು ನೋಡಿದೆ, ಲೆಕ್ಕದ ಪುಸ್ತಕದವರೇ, ನೀವು ಹೆದರಿಸಿದಂತೆಯೇ ಆಗಿದೆ. ಒಂದು ಮನೆಯನ್ನು ಸ್ವಂತ ವಾಸವೆಂದೇ ಕಟ್ಟುತ್ತಾ ಬಂದಿದ್ದೇವೆ. ಸೋಮವಾರ ಕಚೇರಿಗೆ ಹೋಗಿ ಸರಿಪಡಿಸಬೇಕು.

ಬಾಡಿಗೆಮನೆ_ಏಳನೆಯದು:
ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಬನಶಂಕರಿ_ಬಾಲು:
ಅವರು ಹೋಗುವ ಮೊದಲು ಗೃಹಜ್ಯೋತಿ ಜೋಡಣೆ ತೆಗೆಸಿಕೊಳ್ಳಿ! ನನ್ನ ಕಲಬುರಗಿಯವರು ಕೊನೆಗೂ ನಿನ್ನೆ ಒಟಿಪಿ ಹೇಳಿದರು.

ಬೀದರ್_ಹುಡುಗ:
ಅಕ್ಕ, ಆ ಮನೆ ಖಾಲಿಯಾದರೆ ನನಗೆ ತಿಳಿಸುತ್ತೀರಾ? ಕತ್ರಿಗುಪ್ಪೆಯಿಂದ ನನ್ನ ಕಚೇರಿಗೆ ಒಂದೇ ಬಸ್ಸು.

ಕತ್ರಿಗುಪ್ಪೆ_ಮಗಳು:
ಒಂದನೇ ತಾರೀಖಿನ ನಂತರದ ಭಾನುವಾರ ಬಂದು ನೋಡಿ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಾವೇರಿ ನೀರು ದಿನ ಬಿಟ್ಟು ದಿನ. ಸಂಬಳದ ಚೀಟಿ ತನ್ನಿ, ಕೆಂಗೇರಿಯ ಮಾಲೀಕರ ಫೋನ್ ಸಂಖ್ಯೆಯನ್ನೂ ತನ್ನಿ, ಮಾತನಾಡುತ್ತೇನೆ.